ಬಚ್ಚಲಿಗೆ ಬಂದ ಒಣಮೀನು

ಮನೆಯ ಬೆಕ್ಕಿನ ಮರಿಗೆ ಮೂಗು ಕಟ್ಟಿದೆ. ಡಾಕ್ಟರು ಕೊಟ್ಟ ಔಷಧಿ ಕುಡಿಸಿ, ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡು ಅದರ ಜೊತೆ ನಾನೂ ಹಬೆಯಲ್ಲಿ ಕೂತಿದ್ದೇನೆ. ಮರಿ ಗೊರಗೊರ ಅನ್ನುತ್ತಿದೆ, ನನ್ನ ಕನ್ನಡಕ ಮಸುಕಾಗಿದೆ. ಹೀಗೆ ಕೂತರೆ ನಮ್ಮಜ್ಜಿಯ ನೆನಪಾಗದೆ ಇನ್ನೇನಾದೀತು ಹೇಳಿ.

ತಿಪಟೂರು ಕಡೆಯ ಹಳೇ ಮನೆ ನೋಡಿದ್ದರೆ ನಿಮಗೆ ಅಟ್ಟವೂ ಗೊತ್ತಿರುತ್ತದೆ. ತೆಂಗಿನಕಾಯಿ ಅಲ್ಲಿ ತಿಂಗಳುಗಟ್ಟಲೆ ಮಲಗಿ ಕೊಬ್ಬರಿಯಾಗಬೇಕು. ಇಲಿಗಳಿಗೂ ಅದು ಗೊತ್ತು. ಹಾಗಾಗಿ ಬೆಕ್ಕು ಸಾಕುವುದು ಮುದ್ದಿಗಲ್ಲ, ಕೆಲಸಕ್ಕೆ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು, ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡೇ.

ಆ ಮರಿಗೆ ಒಂದು ಚಳಿಗಾಲ ನೆಗಡಿ ಹಿಡಿಯಿತು. ಅಜ್ಜಿ, ಎರೆದ ಕೂಸಿಗೆ ಹಿಡಿಯುವಂತೆ, ಚಿಪ್ಪಿನ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಅದಕ್ಕೂ ಹೊಗೆ ಹಿಡಿದಳು. ಮರಿ ಸೀನಿ ಸೀನಿ ಮಗುಚಿ ಬಿತ್ತು. ನಾನು ನಕ್ಕೆ. ಅಜ್ಜಿ ನಗಲಿಲ್ಲ.

"ನಾನೇ ಸಾಯಿಸ್ಬುಟ್ಟೆ ಕಣ್ಲಾ" ಎಂದು ಅದನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ, ಹಂಡೆಯ ಪಕ್ಕ ಕೂತಳು. ಹಬೆಗೆ ಮೂಗು ಸಡಿಲವಾಯಿತು, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಆದರೆ ಮರಿ ಹಾಲು ಮುಟ್ಟಲಿಲ್ಲ, ಬೆಣ್ಣೆ ಮೂಸಲೂ ಇಲ್ಲ. ಮಾರನೆಯ ದಿನಕ್ಕೆ ಬರೀ ಮೂಳೆ ಕೈಗೆ ಸಿಗುತ್ತಿತ್ತು.

ಪಕ್ಕದ ಹಟ್ಟಿಯ ಕುರಿ ಸಾಕುವ ಈರಕ್ಕ ಬಂದು ನೋಡಿದಳು. "ವಾಸ್ನೆ ತಿಳೀದಲೆ ಎಂಗೆ ತಿಂತದೆ? ಒಣಮೀನು ತೊಳ್ದು ಬೇಯ್ಸಿ ಇಟ್ರೆ ತಿಂತದೆ ಕಣವ್ವ. ನಿಮ್ಮನೇಲಿ ಆಗಾಕಿಲ್ಲ ಬುಡು."

ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಲಿಂಗಪೂಜೆ ಆಗದೆ ಅಜ್ಜಿ ನೀರೂ ಕುಡಿದವಳಲ್ಲ. ಮರಿಯನ್ನೇ ನೋಡುತ್ತಾ ಕೂತಿದ್ದು, ಕೊನೆಗೆ, "ನಿಮ್ಮನೇಲಿ ಬೇಯ್ಸ್ಕೊಂಡು ಬಾ, ಹೋಗು" ಎಂದಳು.

ಮೀನು ಬಚ್ಚಲಿಗೇ ಬಂತು. ವಾಸನೆ ದೇವರ ಕೋಣೆಯವರೆಗೂ ಹೋಯಿತು. ಮರಿಯ ಮೂಗು ಅಲುಗಿತು. ಅಜ್ಜಿಯ ಬೆರಳಿನಿಂದಲೇ ನೆಕ್ಕತೊಡಗಿತು. ಅಷ್ಟರಲ್ಲಿ ತೋಟದಿಂದ ದೊಡ್ಡಪ್ಪ ಬಂದರು.

"ಏನವ್ವಾ ಇದು ನಾತ?"

"ನಮ್ಮನೆ ಮಗ ಉಣ್ತಾ ಐತೆ. ತಡ್ಕೊಳಕ್ಕಾಗ್ದಿದ್ರೆ ಆಚೆ ಕೂತ್ಕೊ."

ದೊಡ್ಡಪ್ಪ ಆಚೆ ಕೂತರು. ಅಜ್ಜಿ ಮತ್ತೆ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಹೋದಳು. ಮರಿ ಬದುಕಿತು.

ಈಗ ಈ ಮರಿಯೂ ಹಾಲಿಗೆ ಮುಖ ತಿರುಗಿಸುತ್ತಿದೆ. ಬಾಗಿಲು ತೆಗೆದು ಹೆಂಡತಿಗೆ ಸಂತೆಗೆ ಹೋಗಿ ಬರುತ್ತೇನೆಂದೆ, ಯಾಕೆಂದೂ ಹೇಳಿದೆ. ಹಣೆಯ ವಿಭೂತಿ ಒರೆಸಿಕೊಂಡು ಹೋಗಲೇ ಎಂದು ಯೋಚಿಸಿ, ನಾಚಿಕೆಯಾಗಿ ಬಿಟ್ಟೆ. ಹಳೇ ಪಾತ್ರೆಯೊಂದನ್ನು ಹಿತ್ತಲಲ್ಲಿ ಇಡು, ಅಲ್ಲೇ ಬೇಯಿಸಿದರಾಯ್ತು ಎಂದೆ.

ಅವಳು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಹಿತ್ಲಲ್ಲಿ ಗಾಳಿ ಕಣ್ರೀ, ಒಳಗೆ ತರೋ ಹೊತ್ಗೆ ಆರೋಗುತ್ತೆ. ನಮ್ಮ ಒಲೆ ಮೇಲೇ ಬೇಯ್ಸಾನ."

ಅಜ್ಜಿ ಇರಬೇಕಿತ್ತು.