ಪರದೆಗೆ ಬೆನ್ನು

ಚಿತ್ತಾಪುರದ ಕಾಲೇಜಿನ ಹಾಜಿಮಲಂಗ್ ಸರ್ ದೆವ್ವದ ಸಿನೆಮಾಗಳ ಮೇಲೆ ಪಿಎಚ್‌.ಡಿ. ಮಾಡಹೊರಟವರು ಅಂದಮಾತ್ರಕ್ಕೆ, ಅವರು ದೆವ್ವ ನೋಡುತ್ತಿದ್ದರೆಂದು ಯಾರೂ ತಿಳಿಯಬಾರದು. ಶಹಾಬಾದಿನಲ್ಲಾಗಲಿ ಸೇಡಂನಲ್ಲಾಗಲಿ, ಟಾಕೀಸಿನಲ್ಲಿ ಎಲ್ಲರಿಗಿಂತ ಮುಂದೆ, ಪರದೆಗೆ ಬೆನ್ನು ಕೊಟ್ಟು, ಜನರ ಮುಖ ನೋಡುತ್ತ ಕೂಡುವರು. ಕಿಟಾರನೆ ಕಿರುಚಿದವರನ್ನು ಇಂಟರ್‌ವಲ್ಲಿನಲ್ಲಿ ಹಿಡಿದು, ಚಹಾ ಕುಡಿಸಿ, "ಯಾವುದಕ್ಕ ಅಂಜಿದ್ರಿ, ಸಾವಕಾಶ ಹೇಳ್ರಿ" ಅನ್ನುವರು. ಮನೆಯಲ್ಲಿ ಬೆಕ್ಕು ಡಬ್ಬಿ ಉರುಳಿಸಿದರೆ ಮಾತ್ರ ಹೆಂಡತಿ ಸುಗರಾಬಿಯನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುವರು. "ದೆವ್ವದ ಮ್ಯಾಲ ಎಂಥಾ ಪಿಎಚ್‌.ಡಿ. ಮಾಡಾಕತ್ತೀರಿ ಸರ್?" ಎಂದು ನಕ್ಕವರಿಗೆ ಅವರದು ಒಂದೇ ಉತ್ತರ: "ಸಿನೆಮಾದಾಗಿನ ಹುಡುಗಿ ಹಾಳುಮನಿ ಬಾಗಿಲಕ್ಕ ಕೈ ಹಾಕಿದ್ಳಂದ್ರ, ಒಬ್ಬರಿಗೊಬ್ಬರು ಗುರ್ತಿಲ್ಲದ ಮಂದಿ ಎಲ್ಲಾ ಕೂಡಿ 'ಒಳಗ ಹೋಗಬ್ಯಾಡವ್ವಾ' ಅಂತ ಒದರ್ತಾರಲ್ಲ, ನಾ ಬರಿಯೂದು ಅದರ ಮ್ಯಾಲರಿ. ಎಲ್ಲಾರ್ಕಿಂತ ಭಾಳ ಜೋರು ನಮ್ಮ ಸುಗರಾಬಿದು." ಎರಡು ಸಲ ಈ ವಿಷಯ ಬೇಡವೆಂದು ವಾಪಸು ಕಳಿಸಿದ್ದ ಯುನಿವರ್ಸಿಟಿಯ ಪ್ರೊಫೆಸರರು ಮೂರನೆಯ ಸಲ ತಾವಾಗಿಯೇ ಕರೆಸಿಕೊಂಡ ದಿನ, ಅವರ ಕೋಣೆಯ ಮುಚ್ಚಿದ ಬಾಗಿಲಿಗೆ ಕೈ ಹಾಕಿದ ಸರ್ ಕಾಲು ಕಿತ್ತಿಡಲಾರದೆ ನಿಂತುಬಿಟ್ಟರು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಸುಗರಾಬಿ, ಟಾಕೀಸಿನಲ್ಲಿ ಒದರುವಷ್ಟೇ ಜೋರಾಗಿ ಒದರಿದಳು: "ಹೋಗ್ರಿ, ಒಳಗ ಹೋಗ್ರಿ."