ಗಟ್ಟಿ ಹೊಲಿಗೆಯ ಮೂರು ಚಡ್ಡಿಗಳು

ಮಡಕಶಿರದಿಂದ ರೊಳ್ಳ ದಾಟಿ ರತ್ನಗಿರಿ ಕೋಟೆಗೆ ಸೈಕಲ್ಲಿನಲ್ಲಿ ಹೋಗುವುದು, ಮಾರನೆಯ ದಿನ ವಾಪಸ್ಸು ಬರುವುದು. ಇದೇ ನಮ್ಮ ಪ್ರವಾಸ. ನಾವು ಮೂವರೂ ಅನಂತಪುರದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಒಬ್ಬನಿಗೆ ಈಗ ಬ್ಯಾಂಕಿನಲ್ಲಿ ಕೆಲಸ. ಅವನ ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕ ನೋಡಿದರೆ ಚಂದ್ರನಿಗೆ ಹೊರಟವನಂತೆ ಕಾಣುತ್ತಿದ್ದ. ಇನ್ನೊಬ್ಬ ರಾಯದುರ್ಗದ ಟೈಲರ್. ಮೂರನೆಯವನು ನಾನು, ಊರವರ ದನಿ ಕದ್ದು ಅವರಿಗೇ ಕೇಳಿಸುವವನು. ನನ್ನ ಸೈಕಲ್ಲು ಮಾವನದು. ಬ್ರೇಕು ಹಿಡಿದರೆ ಮಾವನ ಹಾಗೆಯೇ ಕಿರುಚುತ್ತದೆ. ಅದನ್ನೂ ಮಿಮಿಕ್ರಿ ಮಾಡಬಲ್ಲೆ.

ಟೈಲರ್ ಆರು ವರ್ಷಗಳಿಂದ ಅಣ್ಣನ ಜೀನ್ಸ್ ಶೆಡ್ಡಿನಲ್ಲಿದ್ದಾನೆ. ಅಲ್ಲಿ ಒಬ್ಬ ಜೇಬು ಹೊಲಿದರೆ ಇನ್ನೊಬ್ಬ ಸೊಂಟದ ಪಟ್ಟಿ, ಇವನು ಜಿಪ್ಪು. ಇಡೀ ಬಟ್ಟೆಯೊಂದು ಅವನ ಕೈಯಿಂದ ಯಾವತ್ತೂ ಹೊರಬಂದಿರಲಿಲ್ಲ. ಸೈಕಲ್ ತುಳಿಯುವವರಿಗೆ ಸ್ಪಂಜಿಟ್ಟ ಚಡ್ಡಿ ತಾನೊಬ್ಬನೇ ಹೊಲಿಯಬೇಕೆಂಬುದು ಅವನ ಆಸೆ. ಅಣ್ಣ ಒಂದು ಷರತ್ತು ಹಾಕಿದ್ದ.

"ಮೂರು ಹೊಲಿ. ಮೂರೂ ಮಂದಿ ಹಾಕ್ಕೊಂಡು ತಿರುಗಾಡಿ ಬರ್ರಿ. ಚಲೋ ಐತಿ ಅಂದ್ರ ಒಂದು ಮಿಷನ್ ನಿಂದು. ಇಲ್ಲಂದ್ರ ಬಾಯಿ ಮುಚ್ಕೊಂಡು ಜಿಪ್ ಹೊಲಿ. ಬ್ಯಾಂಕಿನಾವ ಮರ್ಯಾದಸ್ಥ, ಸುಳ್ಳು ಹೇಳ್ತಾನ. ನಾನು ಆ ಬಾಯಿಹರುಕನ್ನ ಕೇಳ್ತೀನಿ."

ಬಾಯಿಹರುಕ ಎಂದರೆ ನಾನು.

ಹೊರಟು ಅರ್ಧ ಗಂಟೆಯಲ್ಲಿ ಸತ್ಯ ಗೊತ್ತಾಯಿತು. ಸ್ಪಂಜು ಮೆತ್ತಗೇ ಇತ್ತು. ಆದರೆ ಟೈಲರನಿಗೆ ಗೊತ್ತಿದ್ದದ್ದು ಜೀನ್ಸಿನ ಹೊಲಿಗೆ: ಬಟ್ಟೆ ಮಡಚಿ, ದಪ್ಪ ದಾರದಲ್ಲಿ ಎರಡೆರಡು ಸಾಲು. ಆ ಸಾಲುಗಳೆಲ್ಲ ಸ್ಪಂಜಿನ ಮೇಲೆ, ಸರಿಯಾಗಿ ನಾವು ಕೂರುವ ಜಾಗದಲ್ಲೇ ಬಂದು ಗಂಟು ಕಟ್ಟಿದ್ದವು.

"ಹೆಂಗೈತ್ರಲೇ?" ಟೈಲರ್ ಹಿಂದಿನಿಂದ ಕೂಗಿದ.

"ಸೂಪರ್!" ಎಂದ ಬ್ಯಾಂಕಿನವನು, ಪೆಡಲಿನ ಮೇಲೆ ನಿಂತುಕೊಂಡು.

"ನೂರು ವರ್ಷ ಹರಿಯಂಗಿಲ್ಲ ನೋಡು!" ಎಂದ ಟೈಲರ್.

ಚಡ್ಡಿ ಹರಿಯುವುದಿಲ್ಲ, ನಿಜ. ಹರಿಯುತ್ತಿದ್ದವರು ನಾವು. ಅವನ ಸೈಕಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದುದನ್ನು ನಾನು ನೋಡಿದೆ. ನೋಡದವನಂತೆ ಮುಂದೆ ಹೋದೆ.

ನಾವು ನಿಂತೇ ತುಳಿಯುವುದನ್ನು ಕಂಡು ದಾರಿಯಲ್ಲಿ ಇಬ್ಬರು ಬೈಕು ನಿಲ್ಲಿಸಿ, ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ತೆಲುಗಿನಲ್ಲಿ, ನಿಮ್ಮ ಗಾಡಿ ಕೆಟ್ಟಿತೇ ಎಂದು ವಿಚಾರಿಸಿದರು. ರೊಳ್ಳದ ಹತ್ತಿರ ಇಳಿದು ನೀರು ಕೇಳಲು ನಡೆದಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಅಜ್ಜಿ ನಮ್ಮ ಕಾಲುಗಳನ್ನೇ ನೋಡಿದಳು.

"ಯಾಕ್ರಪ್ಪಾ ಹಿಂಗೆ ನಡೀತೀರ? ಮೂರೂ ಜನಕ್ಕೂ ಒಟ್ಟಿಗೇ ಕುರು ಎದ್ದೈತಾ?"

"ಇಲ್ಲಮ್ಮ, ರಜಾ ಕಳಿಯಾಕೆ ಬಂದಿದೀವಿ" ಎಂದೆ.

"ಹಿಂಗಾ?" ಎಂದಳು.

ರತ್ನಗಿರಿ ಕೋಟೆ ಹತ್ತಿದಾಗ ಬಂಡೆಗಳು ಬೇಕಾದಷ್ಟಿದ್ದವು. ಯಾರೂ ಕೂರಲಿಲ್ಲ. ನನ್ನ ನಾಲಿಗೆ ತುರಿಸಿತು. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಕಿಕೊಂಡವನಂತೆ ನಿಂತು ಟೈಲರನ ಅಣ್ಣನ ದನಿ ತೆಗೆದೆ: "ಏನಲೇ ತಮ್ಮಾ, ಸಾಕಾತೇನು? ನಡಿ ಜಿಪ್ಪಿಗೆ!"

ಬ್ಯಾಂಕಿನವನು ಬಿದ್ದು ಬಿದ್ದು ನಕ್ಕ. ಟೈಲರ್ ನಗಲಿಲ್ಲ. ನನ್ನ ಕಡೆ ನೋಡದೆ, ಕೆಳಗಿನ ಶೇಂಗಾ ಹೊಲಗಳನ್ನು ನೋಡುತ್ತ, ಅಣ್ಣನೇ ಅಲ್ಲಿ ನಿಂತಿದ್ದಾನೆಂಬಂತೆ ಹೇಳಿದ:

"ಅಣ್ಣಾ, ಆರು ವರ್ಷದಾಗ ನಾನು ಹೊಲಿದಿದ್ದು ಇದು ಅಂತ ಒಂದು ಪ್ಯಾಂಟೂ ತೋರಿಸಾಕ ಆಗಿಲ್ಲ ನನಗ. ಕೆಟ್ಟದ್ದರ ಆಗಲಿ, ಪೂರಾ ಒಂದು ಹೊಲೀತೀನಿ."

ನಾನು ಕುತ್ತಿಗೆಯಲ್ಲಿಲ್ಲದ ಅಳತೆಪಟ್ಟಿಯನ್ನು ತೆಗೆದಿಟ್ಟೆ. ಯಾರ ಬಾಯನ್ನಾದರೂ ಆಡಿಸುತ್ತೇನೆ, ಆ ಬಾಯಿಗೆಂದು ಯಾರಾದರೂ ಕೊಟ್ಟ ಉತ್ತರವನ್ನು ಎಲ್ಲಿಡಬೇಕೆಂದು ಮಾತ್ರ ಗೊತ್ತಿಲ್ಲ. ಆ ರಾತ್ರಿ ಮೂವರೂ ಬೋರಲು ಮಲಗಿದೆವು.

ಮರುದಿನ ಮಡಕಶಿರದ ಹೋಟೆಲಿನಲ್ಲಿ ನಿಂತುಕೊಂಡೇ ಇಡ್ಲಿ ತಿನ್ನುವಾಗ ನನ್ನ ಫೋನು ಹೊಡೆದುಕೊಂಡಿತು. ಅಣ್ಣ. ಸುಳ್ಳು ತಯಾರಾಗಿತ್ತು, ಮೂರು ದನಿಗಳಲ್ಲಿ ಅಭ್ಯಾಸವೂ ಆಗಿತ್ತು. "ಅಣ್ಣಾ, ಚಡ್ಡಿ ಅಂದ್ರೆ..." ಎನ್ನುವಷ್ಟರಲ್ಲಿ ಟೈಲರ್ ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದ.

"ಚುಚ್ಚತೈತಿ ಅಣ್ಣಾ. ಕುಂದ್ರಾಕ ಆಗಂಗಿಲ್ಲ. ಜೀನ್ಸಿನ ಹೊಲಿಗಿ ಹಾಕೀನಿ, ತಪ್ಪು ನಂದ. ಇನ್ನೊಮ್ಮಿ ಹೊಲೀತೀನಿ."

ಆ ಕಡೆ ಮಿಷನ್ನುಗಳ ಗರಗರ. ಅದರ ನಡುವೆ ಅಣ್ಣ ಕೇಳಿದ: "ಹರಿದೈತೇನು?"

"ಒಂದು ಎಳೀನೂ ಹರಿದಿಲ್ಲ."

"ಮೂರೂ ತಗೊಂಬಾ. ಬಿಚ್ಚಿ ನೋಡೂಣು. ಮೂಲ್ಯಾಗಿನ ಮಿಷನ್ ಖಾಲಿ ಐತಿ."

ಫೋನಿಟ್ಟವನೇ ಟೈಲರ್ ಖುಷಿಗೆ ಕುರ್ಚಿ ಎಳೆದು ದಢಕ್ಕನೆ ಕೂತ. ಕೂತಷ್ಟೇ ಬೇಗ ಎದ್ದ. ಆ ಕೂಗನ್ನು ನಾನು ಈಗಲೂ ಮಿಮಿಕ್ರಿ ಮಾಡುತ್ತೇನೆ. ಸರಿಯಾಗಿ ಬರುವುದಿಲ್ಲ, ಆ ಚಡ್ಡಿಯಿಲ್ಲದೆ ಅದು ಕಷ್ಟ.