ಪೈಪೋಟಿಗೆ ಬಂದವನೇ ಹೇಳಿಕೊಟ್ಟ ಪ್ರಶ್ನೆ

ಪೈಪೋಟಿಗೆ ನಿಂತವರೇ ನಿಮ್ಮನ್ನು ಗೆಲ್ಲಿಸಿದ್ದುಂಟಾ? ನನಗೆ ಆಗಿದೆ.

ತೊಂಬತ್ತರ ದಶಕ. ಪಿಎಚ್.ಡಿ. ಸಂಶೋಧನೆಯ ಅನುದಾನಕ್ಕೆ ಸಂದರ್ಶನ. ಅನುದಾನ ಒಂದೇ, ಬಂದವರು ಹಲವರು. ನನ್ನ ಪ್ರಸ್ತಾವನೆ ಹಡಗಲಿ ಮಲ್ಲಿಗೆಯ ರೋಗದ ಬಗ್ಗೆ. ಶೇಂಗಾ ಬಗ್ಗೆ ಬರೆದಿದ್ದ ಕೂಡ್ಲಿಗಿಯ ಹುಡುಗ ನನಗಿಂತ ಮೊದಲು ಒಳಗೆ ಹೋಗಿ, ಮುಖ ಬಾಡಿಸಿಕೊಂಡು ಹೊರಬಂದ.

“ಅಕ್ಕಾ, ಪ್ರಯೋಗ ಕೈಕೊಟ್ರ ಏನ್ ಮಾಡ್ತೀರಿ ಅಂತ ಕೇಳ್ತಾರ. ಕೈಕೊಡೂದಿಲ್ರಿ ಅಂದು ಸಿಕ್ಕೊಂಡೆ. ನೀವು ಹಂಗ ಅನಬ್ಯಾಡ್ರಿ.”

“ನನಗ್ಯಾಕ ಹೇಳ್ತೀಯೋ?”

“ನಂದಂತೂ ಮುಗೀತು. ಇಬ್ರೂ ಯಾಕ ಬೀಳಬೇಕು, ಹೋಗ್ರಿ!”

ಒಳಗೆ ಅದೇ ಪ್ರಶ್ನೆ ಬಂತು. “ಕೈಕೊಟ್ಟರೆ ಯಾಕೆ ಕೈಕೊಟ್ಟಿತೆಂದು ಹುಡುಕಿ ಬರೆಯುತ್ತೇನೆ” ಎಂದೆ. ಅನುದಾನ ನನಗೇ ಸಿಕ್ಕಿತು.

ನನ್ನ ಸರದಿ ಮೊದಲು ಬಂದಿದ್ದರೆ ನಾನು ಅವನಿಗೆ ಹೇಳುತ್ತಿದ್ದೆನಾ? ಇವತ್ತಿಗೂ ಗೊತ್ತಿಲ್ಲ. ನಿಮಗೂ ಇಂಥವರು ಸಿಕ್ಕಿದ್ದರೆ ಬರೆದು ತಿಳಿಸಿ.